48 ವೋಲ್ಟ್ ಬ್ಯಾಟರಿಗೆ ಎಷ್ಟು ವೋಲ್ಟ್ ಚಾರ್ಜರ್? ಲಿಥಿಯಂ ಪ್ಯಾಕಿಗೆ ಸರಿಯಾದ್ದನ್ನು ಆರಿಸುವ ಬಗೆ

“ಚಾರ್ಜರ್ ಸುಟ್ಟುಹೋಗಿದೆ. ನಂದು 48 ವೋಲ್ಟ್ ಲಿಥಿಯಂ ಬ್ಯಾಟರಿ. ಯಾವ ಚಾರ್ಜರ್ ತಗೊಳ್ಳಲಿ?”

ವಾರಕ್ಕೆ ಎರಡು ಮೂರು ಸಲವಾದರೂ ಈ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ಒಬ್ಬರದು ದಾವಣಗೆರೆಯಲ್ಲೇ ಓಡುವ ಇ-ಆಟೋ. ಇನ್ನೊಬ್ಬರು ಹರಿಹರದಿಂದ ದಿನಾ ಸ್ಕೂಟರಿನಲ್ಲಿ ಓಡಾಡುವವರು. ಮತ್ತೊಬ್ಬರು ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು, ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಪಂಪಿಗೆ ಚಾರ್ಜರ್ ಬೇಕು. ಬ್ಯಾಟರಿ ಬೇರೆ ಬೇರೆ, ಆದರೆ ಎಲ್ಲರೂ ಹೇಳುವುದು ಹೆಸರಿನ ವೋಲ್ಟನ್ನು ಮಾತ್ರ. ಅಷ್ಟರಿಂದ ಚಾರ್ಜರ್ ಹೇಳಲು ಆಗುವುದಿಲ್ಲ.

ನಂಬಿಕೆ ಬರದಿದ್ದರೆ ಅಂಗಡಿಗೆ ಹೋಗಿ ಕೇಳಿ ನೋಡಿ.

“ಅಣ್ಣಾ, 48 ವೋಲ್ಟ್ ಲಿಥಿಯಂ ಚಾರ್ಜರ್ ಒಂದ್ ಕೊಡಿ.”

“ಯಾವ್ದು ಬೇಕಣ್ಣಾ? 54.6 ಐತಿ, 58.4 ಐತಿ, 58.8 ಐತಿ.”

ಮೂರನ್ನೂ 48 ವೋಲ್ಟ್ ಚಾರ್ಜರ್ ಅಂತಲೇ ಮಾರುತ್ತಾರೆ. ನಿಮ್ಮ ಬ್ಯಾಟರಿಗೆ ಸರಿಹೋಗುವುದು ಅದರಲ್ಲಿ ಒಂದೇ. ಆ ಒಂದನ್ನು ಹೇಗೆ ಹುಡುಕಬೇಕು ಎಂದು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಶುರು ಮಾಡುವ ಮೊದಲು

ಲಿಥಿಯಂ ಪ್ಯಾಕ್ ಅಂದರೆ ಚಿಕ್ಕ ಚಿಕ್ಕ ಸೆಲ್‌ಗಳ ಗುಂಪು. ಟಾರ್ಚಿನಲ್ಲಿ ಒಂದರ ಹಿಂದೆ ಒಂದು ಸೆಲ್ ಹಾಕುತ್ತೇವಲ್ಲ, ಹಾಗೆ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಸೇರಿಸಿ ಜೋಡಿಸುವುದಕ್ಕೆ ಸೀರೀಸ್ ಎನ್ನುತ್ತಾರೆ. ಸೀರೀಸಿನಲ್ಲಿ ಸೆಲ್ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚುತ್ತದೆ. ಪ್ಯಾಕಿನ ಮೇಲೆ 13ಎಸ್, 16ಎಸ್ ಎಂದು ಬರೆದಿದ್ದರೆ ಅಷ್ಟು ಸೆಲ್ ಸೀರೀಸಿನಲ್ಲಿವೆ ಎಂದರ್ಥ. ಅಕ್ಕಪಕ್ಕ ಜೋಡಿಸುವುದು ಪ್ಯಾರಲಲ್. ಅದರಿಂದ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆಯೇ ಹೊರತು ವೋಲ್ಟೇಜ್ ಬದಲಾಗುವುದಿಲ್ಲ. ಚಾರ್ಜರ್ ವೋಲ್ಟೇಜ್ ಆರಿಸುವಾಗ ಪ್ಯಾರಲಲ್ ಲೆಕ್ಕವನ್ನು ಮರೆತುಬಿಡಿ.

ನಮ್ಮ ಕೈಗೆ ಸಿಗುವ ಸೆಲ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ.

ಮೊದಲನೆಯದು ಎನ್‌ಎಂಸಿ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ್ದು. ಒಂದು ಸೆಲ್ಲಿನ ಹೆಸರಿನ ವೋಲ್ಟೇಜ್ 3.6 ಅಥವಾ 3.7. ಪೂರ್ತಿ ತುಂಬಿದಾಗ 4.2. ಸ್ಟಿಕರಿನಲ್ಲಿ ಬರೀ ‘ಲಿಥಿಯಂ ಅಯಾನ್’ ಎಂದಿದ್ದರೆ ಹೆಚ್ಚಾಗಿ ಇದೇ ಇರುತ್ತದೆ, ಆದರೆ ಅದನ್ನೇ ನಂಬಿ ಕೂರಬೇಡಿ.

ಎರಡನೆಯದು ಎಲ್‌ಎಫ್‌ಪಿ. ಲಿಥಿಯಂ, ಕಬ್ಬಿಣ, ಫಾಸ್ಫೇಟ್. ಅಂಗಡಿಯವರು ‘ಫಾಸ್ಫೇಟ್’ ಅಂತಲೂ ‘ಫೆರೋ’ ಅಂತಲೂ ಕರೆಯುತ್ತಾರೆ. ಹೆಸರಿನ ವೋಲ್ಟೇಜ್ 3.2, ತುಂಬಿದಾಗ 3.65.

ಹೆಸರಿನ ವೋಲ್ಟೇಜ್ ಎಂದರೆ ಬ್ಯಾಟರಿ ತುಂಬಿರುವಾಗಿನದೂ ಅಲ್ಲ, ಖಾಲಿಯಾದಾಗಿನದೂ ಅಲ್ಲ. ನಡುವಿನ ಒಂದು ಅಂಕಿ, ಕರೆಯಲಿಕ್ಕೆ ಇಟ್ಟ ಹೆಸರು ಅಷ್ಟೇ. ಚಾರ್ಜರಿಗೆ ಬೇಕಾಗಿರುವುದು ತುಂಬಿದ ವೋಲ್ಟೇಜ್. ಲೆಕ್ಕ ಇಷ್ಟೇ: ಸೀರೀಸಿನಲ್ಲಿ ಎಷ್ಟು ಸೆಲ್ ಇವೆಯೋ ಅದಕ್ಕೆ ಎನ್‌ಎಂಸಿ ಆದರೆ 4.2ರಿಂದ, ಎಲ್‌ಎಫ್‌ಪಿ ಆದರೆ 3.65ರಿಂದ ಗುಣಿಸಬೇಕು. ಕಷ್ಟ ಇರುವುದು ಗುಣಿಸುವುದರಲ್ಲಿ ಅಲ್ಲ, ಆ ಎರಡು ವಿಷಯ ಸರಿಯಾಗಿ ತಿಳಿದುಕೊಳ್ಳುವುದರಲ್ಲಿ.

ಬೇಕಾಗುವ ಸಾಮಾನು: ಒಂದು ಮಲ್ಟಿಮೀಟರ್ (ಕೆಲವೇ ನೂರು ರೂಪಾಯಿಗೆ ಸಿಗುವ ಹಳದಿ ಮೀಟರೇ ಸಾಕು), ಒಳ್ಳೆಯ ಬೆಳಕು, ಸ್ಟಿಕರಿನ ಫೋಟೋ ತೆಗೆಯಲು ಫೋನು. ಕೈಯಲ್ಲಿರುವ ಉಂಗುರ, ಬಳೆ, ಲೋಹದ ವಾಚು ತೆಗೆದಿಡಿ. ಲಿಥಿಯಂ ಪ್ಯಾಕಿನ ಎರಡು ತುದಿಗೆ ಉಂಗುರ ತಾಗಿದರೆ ಅದು ಕೆಂಪಗೆ ಕಾಯಲು ಒಂದು ಕ್ಷಣ ಸಾಕು.

1. ಸ್ಟಿಕರ್ ಓದಿ, ಅದರಲ್ಲೂ ದಶಾಂಶ ನೋಡಿ

ಪ್ಯಾಕಿನ ಸ್ಟಿಕರಿನಲ್ಲಿ ಚಾರ್ಜಿಂಗ್ ವೋಲ್ಟೇಜ್ ಎಂದು ಬೇರೆಯಾಗಿ ಬರೆದಿದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು. ಹಳೆಯ ಚಾರ್ಜರ್ ಕೆಟ್ಟಿದ್ದರೂ ಎಸೆಯಬೇಡಿ. ಅದರ ಬೆನ್ನ ಮೇಲೆ ‘ಔಟ್‌ಪುಟ್’ ಎಂದಿರುವ ಕಡೆ ಇರುವ ಅಂಕಿಯೇ ನಿಮಗೆ ಬೇಕಾದದ್ದು. ‘ಇನ್‌ಪುಟ್’ ಎದುರಿಗೆ ಇರುವುದು ಮನೆಯ 230 ವೋಲ್ಟ್ ಕರೆಂಟಿನ ಲೆಕ್ಕ, ಅದನ್ನು ಓದಿ ಗಾಬರಿಯಾಗಬೇಡಿ.

ಎರಡೂ ಇಲ್ಲದಿದ್ದರೆ ಹೆಸರಿನ ವೋಲ್ಟೇಜನ್ನೇ ಗಮನಿಸಿ ಓದಿ. ದಪ್ಪಕ್ಷರದಲ್ಲಿ 48 ಎಂದಿದ್ದರೂ ಕೆಳಗೆ ಸಣ್ಣ ಅಕ್ಷರದಲ್ಲಿ ದಶಾಂಶದ ಅಂಕಿ ಇರುವುದುಂಟು. ಅದು ಬಹಳ ವಿಷಯ ಹೇಳುತ್ತದೆ.

46.8 ಅಥವಾ 48.1 ಎಂದಿದ್ದರೆ 13 ಎನ್‌ಎಂಸಿ ಸೆಲ್.
50.4 ಅಥವಾ 51.8 ಎಂದಿದ್ದರೆ 14 ಎನ್‌ಎಂಸಿ ಸೆಲ್.
51.2 ಎಂದಿದ್ದರೆ 16 ಎಲ್‌ಎಫ್‌ಪಿ ಸೆಲ್.
60.8 ಎಂದಿದ್ದರೆ 19 ಎಲ್‌ಎಫ್‌ಪಿ, 64 ಎಂದಿದ್ದರೆ 20 ಎಲ್‌ಎಫ್‌ಪಿ.
11.1 ಎಂದಿದ್ದರೆ 3 ಎನ್‌ಎಂಸಿ, 12.8 ಎಂದಿದ್ದರೆ 4 ಎಲ್‌ಎಫ್‌ಪಿ.

51.8 ಮತ್ತು 51.2ರ ನಡುವೆ ಒಂದು ವೋಲ್ಟಿನಷ್ಟೂ ದೂರ ಇಲ್ಲ, ಆದರೆ ಎರಡೂ ಬೇರೆ ಜಾತಿ. ಸ್ಟಿಕರ್ ಮಾಸಿದ್ದರೆ ಒದ್ದೆ ಬಟ್ಟೆಯಿಂದ ಉಜ್ಜಬೇಡಿ, ಇರುವ ಅಕ್ಷರವೂ ಹೋಗುತ್ತದೆ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

2. ಸ್ಟಿಕರ್ ಇಲ್ಲವೇ? ಹಾಗಾದರೆ ಎಣಿಸಬೇಕು

ಲೋಕಲ್ ಆಗಿ ಕಟ್ಟಿಸಿದ ಪ್ಯಾಕ್ ಆದರೆ ಮೊದಲು ಕಟ್ಟಿದವರನ್ನೇ ಕೇಳಿ. ಅವರಿಗೆ ನೆನಪಿರುತ್ತದೆ. ಸುಮ್ನೆ “ಎಷ್ಟು ವೋಲ್ಟ್” ಎನ್ನಬೇಡಿ. “ಎಷ್ಟು ಎಸ್, ಎನ್‌ಎಂಸಿನಾ ಫಾಸ್ಫೇಟಾ” ಎಂದು ಕೇಳಿ.

ಅವರು ಸಿಗದಿದ್ದರೆ ಬಿಎಂಎಸ್ ಹುಡುಕಿ. ಬಿಎಂಎಸ್ ಎಂದರೆ ಪ್ಯಾಕಿನೊಳಗೆ ಕೂತು ಪ್ರತಿ ಸೆಲ್ಲಿನ ವೋಲ್ಟೇಜ್ ಕಾಯುವ ಸರ್ಕ್ಯೂಟ್ ಹಲಗೆ. ಹೆಚ್ಚಿನವುಗಳ ಮೇಲೆ 13ಎಸ್, 16ಎಸ್ ಎಂದು ಅಚ್ಚಾಗಿರುತ್ತದೆ, ಎಷ್ಟೋ ಸಲ ಯಾವ ಜಾತಿಯ ಸೆಲ್ಲಿಗೆ ಎಂಬುದೂ ಇರುತ್ತದೆ. ಅಚ್ಚು ಕಾಣದಿದ್ದರೆ ಅದಕ್ಕೆ ಬಂದಿರುವ ಸಣ್ಣ ವೈರುಗಳನ್ನು ಎಣಿಸಿ. ಒಂದೇ ಬಿಳಿ ಕನೆಕ್ಟರಿನಲ್ಲಿ ಸಾಲಾಗಿ ಕೂತಿರುತ್ತವೆ. ಸಾಮಾನ್ಯವಾಗಿ ಸೆಲ್ಲಿನ ಸಂಖ್ಯೆಗಿಂತ ಒಂದು ಹೆಚ್ಚು: 13ಎಸ್ ಪ್ಯಾಕಿಗೆ 14 ವೈರ್. ಆದರೆ ಕೆಲವು ಹಲಗೆಗಳಲ್ಲಿ ಮೊದಲ ಮೈನಸ್ ವೈರ್ ಇರುವುದಿಲ್ಲ, ಆಗ ಎರಡೂ ಸಮ. ಹಾಗಾಗಿ ವೈರಿನ ಲೆಕ್ಕಕ್ಕಿಂತ ಅಚ್ಚಿನ ಅಕ್ಷರಕ್ಕೆ ಜಾಸ್ತಿ ಬೆಲೆ ಕೊಡಿ.

ಸೆಲ್ಲಿನ ಆಕಾರ ಸ್ವಲ್ಪ ಸುಳಿವು ಕೊಡುತ್ತದೆ. ಅಲ್ಯುಮಿನಿಯಂ ಡಬ್ಬಿಯಂಥ ದಪ್ಪ ಚೌಕ ಸೆಲ್‌ಗಳು ನಮ್ಮಲ್ಲಿ ಬಹುಮಟ್ಟಿಗೆ ಎಲ್‌ಎಫ್‌ಪಿ. 32 ಮಿಲಿಮೀಟರ್ ದಪ್ಪದ ಗುಂಡು ಸೆಲ್ಲೂ ಹೆಚ್ಚಾಗಿ ಅದೇ. ಹೆಬ್ಬೆರಳು ಗಾತ್ರದ 18650 (18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ) ಮಾತ್ರ ಎರಡೂ ಜಾತಿಯಲ್ಲಿ ಬರುತ್ತದೆ. ಅದನ್ನು ನೋಡಿ ಏನನ್ನೂ ತೀರ್ಮಾನಿಸಬೇಡಿ.

ಎಚ್ಚರ: ಪ್ಯಾಕಿನ ನೀಲಿ ಪ್ಲಾಸ್ಟಿಕ್ ಸ್ಲೀವನ್ನು ಬ್ಲೇಡಿನಿಂದ ಸೀಳಬೇಡಿ. ಅದರ ಅಡಿಯಲ್ಲೇ ನಿಕಲ್ ಪಟ್ಟಿ ಇರುತ್ತದೆ. ಬ್ಲೇಡು ಎರಡು ಪಟ್ಟಿಗೆ ಒಟ್ಟಿಗೆ ತಾಗಿದರೆ ನೇರ ಶಾರ್ಟ್. ಮುಚ್ಚಳ ಸ್ಕ್ರೂ ಬಿಚ್ಚಿದರೆ ತೆರೆಯುವಂತಿದ್ದರೆ ಮಾತ್ರ ಒಳಗೆ ನೋಡಿ. ವಾರಂಟಿ ಇರುವ ಪ್ಯಾಕನ್ನು ಅದಕ್ಕೂ ಬಿಚ್ಚಬೇಡಿ, ಕಂಪನಿಯಿಂದಲೇ ಚಾರ್ಜರ್ ತರಿಸಿ. ಕೆಲವು ಕಂಪನಿ ಸ್ಕೂಟರುಗಳಲ್ಲಿ ಚಾರ್ಜರೂ ಬ್ಯಾಟರಿಯೂ ಪರಸ್ಪರ ಸಿಗ್ನಲ್ ಕಳಿಸಿಕೊಂಡು ಒಪ್ಪಿದರೆ ಮಾತ್ರ ಚಾರ್ಜ್ ಆಗುತ್ತದೆ. ಅಂಥದ್ದಕ್ಕೆ ಹೊರಗಿನ ಚಾರ್ಜರ್ ತಂದರೆ ದುಡ್ಡು ದಂಡ.

3. ಗುಣಿಸಿ

ಈಗ ಲೆಕ್ಕ. ನಮ್ಮ ಕಡೆ ಹೆಚ್ಚಾಗಿ ಕಾಣುವವನ್ನು ಇಲ್ಲೇ ಬರೆದಿದ್ದೇನೆ.

ಎನ್‌ಎಂಸಿ: 3ಎಸ್‌ಗೆ 12.6. 4ಎಸ್‌ಗೆ 16.8. 7ಎಸ್‌ಗೆ 29.4. 10ಎಸ್‌ಗೆ 42. 13ಎಸ್‌ಗೆ 54.6. 14ಎಸ್‌ಗೆ 58.8. 16ಎಸ್‌ಗೆ 67.2. 17ಎಸ್‌ಗೆ 71.4. 20ಎಸ್‌ಗೆ 84.

ಎಲ್‌ಎಫ್‌ಪಿ: 4ಎಸ್‌ಗೆ 14.6. 8ಎಸ್‌ಗೆ 29.2. 16ಎಸ್‌ಗೆ 58.4. 19ಎಸ್‌ಗೆ 69.35. 20ಎಸ್‌ಗೆ 73. 24ಎಸ್‌ಗೆ 87.6.

‘60 ವೋಲ್ಟ್’ ಪ್ಯಾಕನ್ನು ಈ ಪಟ್ಟಿಯಲ್ಲಿ ಹುಡುಕಿ ನೋಡಿ. 67.2, 71.4, 69.35, 73 ನಾಲ್ಕೂ ಅದೇ ಹೆಸರಿನಲ್ಲಿ ಓಡಾಡುತ್ತವೆ. ಹೆಸರು ನಂಬಿ ಚಾರ್ಜರ್ ಕೊಂಡವರು ಹೆಚ್ಚು ಪೆಟ್ಟು ತಿನ್ನುವುದು ಇಲ್ಲೇ.

ತಪ್ಪು ಚಾರ್ಜರ್ ಹಾಕಿದರೆ ಏನಾಗುತ್ತದೆ? ಔಷಧಿ ಪಂಪಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಪಂಪಿನ ತಳದ ಮುಚ್ಚಳ ತೆಗೆದರೆ ಒಳಗೆ ಒಂದು ಬ್ಯಾಟರಿ, ಹೊರಗೆ ಅಡಾಪ್ಟರ್ ಚುಚ್ಚುವ ಗುಂಡು ತೂತು. ಎಲ್ಲ ಪಂಪಿನ ಮೇಲೂ 12 ವೋಲ್ಟ್ ಅಂತಲೇ ಬರೆದಿರುತ್ತದೆ. ಆದರೆ ಒಳಗಿರುವುದು ಆಸಿಡ್ ಬ್ಯಾಟರಿ ಇರಬಹುದು, 3ಎಸ್ ಎನ್‌ಎಂಸಿ ಇರಬಹುದು, 4ಎಸ್ ಎಲ್‌ಎಫ್‌ಪಿ ಇರಬಹುದು. ಗುಂಡು ಪಿನ್ನು ಮಾತ್ರ ಬಹಳಷ್ಟರಲ್ಲಿ ಒಂದೇ ಅಳತೆ. ಪಕ್ಕದ ತೋಟದವರ ಚಾರ್ಜರ್ ತಂದು ಚುಚ್ಚಿದರೆ ಆರಾಮಾಗಿ ಒಳಗೆ ಹೋಗುತ್ತದೆ. ಅದು 14.6ರದ್ದು, ನಿಮ್ಮದು 3ಎಸ್ ಎನ್‌ಎಂಸಿ ಎಂದುಕೊಳ್ಳಿ. 14.6ನ್ನು 3ರಿಂದ ಭಾಗಿಸಿದರೆ ಒಂದೊಂದು ಸೆಲ್ಲಿಗೆ 4.87 ವೋಲ್ಟ್. ತಡೆಯುವ ಶಕ್ತಿ ಇರುವುದು 4.2ಕ್ಕೆ. ಮಿತಿ ಮೀರಿ ತುಂಬಿದ ಸೆಲ್ಲಿನ ಒಳಗೆ ಲಿಥಿಯಂ ಲೋಹವಾಗಿ ಪದರ ಕಟ್ಟುತ್ತದೆ, ಇನ್ನೊಂದು ತುದಿಯ ವಸ್ತು ಒಡೆದು ಆಮ್ಲಜನಕ ಬಿಡುತ್ತದೆ, ಬಿಸಿ ಏರುತ್ತದೆ. ಒಂದು ಮಟ್ಟ ದಾಟಿದ ಮೇಲೆ ಆ ಬಿಸಿ ತಾನೇ ತನ್ನನ್ನು ಹೆಚ್ಚಿಸಿಕೊಳ್ಳುತ್ತದೆ. ಬ್ಯಾಟರಿಗೆ ಬೆಂಕಿ ಬೀಳುವುದು ಹೀಗೆ.

ಉಲ್ಟಾ ಆದರೆ? 4ಎಸ್ ಎಲ್‌ಎಫ್‌ಪಿಗೆ 12.6 ಹಾಕಿದರೆ ಸೆಲ್ಲಿಗೆ 3.15 ಮಾತ್ರ ಸಿಗುತ್ತದೆ. ರಾತ್ರಿಯಿಡೀ ಹಾಕಿದರೂ ಬ್ಯಾಟರಿ ತುಂಬುವುದಿಲ್ಲ. ಚಾರ್ಜರಿನಲ್ಲಿ ಹಸಿರು ದೀಪ, ಪಂಪು ಎರಡು ಟ್ಯಾಂಕಿಗೇ ಸುಸ್ತು. “ಬ್ಯಾಟರಿ ಹೋಯ್ತು” ಎಂದು ಹೊಸದು ತರಲು ಹೊರಟವರ ಚಾರ್ಜರ್ ನೋಡಿದರೆ ಕಾರಣ ಇದೇ ಆಗಿರುವುದುಂಟು. ಕಡಿಮೆ ವೋಲ್ಟಿನಿಂದ ಅಪಾಯ ಕಡಿಮೆ, ಉಪಯೋಗವೂ ಕಡಿಮೆ. 14ಎಸ್ ಎನ್‌ಎಂಸಿಗೆ 54.6 ಹಾಕಿದರೂ ಹಾಗೇ: ಸೆಲ್ಲಿಗೆ 3.9 ಸಿಕ್ಕು ಮುಕ್ಕಾಲು ಭಾಗದ ಆಸುಪಾಸಿನಲ್ಲಿ ನಿಂತುಬಿಡುತ್ತದೆ.

58.4 ಮತ್ತು 58.8 ಹತ್ತಿರ ಹತ್ತಿರ ಇವೆ, ಬದಲಿಸಿದರೆ ಏನಾಗುತ್ತದೆ ಎಂದು ತುಂಬಾ ಜನ ಕೇಳುತ್ತಾರೆ. 14ಎಸ್ ಎನ್‌ಎಂಸಿಗೆ 58.4 ಹಾಕಿದರೆ ತೊಂದರೆ ಇಲ್ಲ, ಒಂಚೂರು ಕಡಿಮೆ ತುಂಬುತ್ತದೆ. ಅದರಿಂದ ಸೆಲ್ಲಿನ ಆಯುಷ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. 16ಎಸ್ ಎಲ್‌ಎಫ್‌ಪಿಗೆ 58.8 ಹಾಕಬೇಡಿ. ಅದು ಸೆಲ್ಲಿನ ಮಿತಿಯನ್ನು ದಾಟುತ್ತದೆ.

ಆಸಿಡ್ ಬ್ಯಾಟರಿಯ ಚಾರ್ಜರ್ ಬಗ್ಗೆ ಒಂದು ಮಾತು. ಇ-ಆಟೋದಲ್ಲಿ ನಾಲ್ಕು ಆಸಿಡ್ ಬ್ಯಾಟರಿ ತೆಗೆದು ಲಿಥಿಯಂ ಹಾಕಿಸಿದವರು ಹಳೆಯ ಚಾರ್ಜರನ್ನೇ ಮುಂದುವರಿಸುತ್ತಾರೆ. “ಅದೂ 48, ಇದೂ 48, ಅಲ್ವಾ?” ಅಲ್ಲ. 48 ವೋಲ್ಟ್ ಆಸಿಡ್ ಚಾರ್ಜರ್ 57.6ರಿಂದ 59 ವೋಲ್ಟ್‌ವರೆಗೆ ಏರುತ್ತದೆ. 13ಎಸ್ ಎನ್‌ಎಂಸಿ ಮೇಲೆ ಅದು ಸೆಲ್ಲಿಗೆ ನಾಲ್ಕೂವರೆ ವೋಲ್ಟ್ ಹತ್ತಿರ ಹೋಯಿತು. 16ಎಸ್ ಎಲ್‌ಎಫ್‌ಪಿ ಆದರೆ ಅಂಕಿ ಹತ್ತಿರ ಬರುತ್ತದೆ ನಿಜ. ಆದರೆ ಆಸಿಡ್ ಚಾರ್ಜರ್ ತುಂಬಿದ ಮೇಲೂ ಸಣ್ಣಗೆ ಕರೆಂಟ್ ಕೊಡುತ್ತಲೇ ಇರುತ್ತದೆ, ಕೆಲವು ಬ್ಯಾಟರಿ ಚೇತರಿಸಲೆಂದು ನಡುನಡುವೆ ಹೆಚ್ಚು ವೋಲ್ಟೇಜಿನ ಪೆಟ್ಟು ಕೊಡುತ್ತವೆ. ಲಿಥಿಯಮ್ಮಿಗೆ ಎರಡೂ ಬೇಡ. ಮನೆಯ ಇನ್ವರ್ಟರಿಗೆ 12.8 ವೋಲ್ಟ್ ಎಲ್‌ಎಫ್‌ಪಿ ಹಾಕಿಸುವಾಗಲೂ ಇದೇ ಮಾತು. ಇನ್ವರ್ಟರಿನಲ್ಲಿ ಲಿಥಿಯಂ ಎಂಬ ಸೆಟ್ಟಿಂಗ್ ಇದೆಯೇ ಎಂದು ನೋಡಿಕೊಂಡೇ ಬ್ಯಾಟರಿ ಕೊಳ್ಳಿ.

“ಬಿಎಂಎಸ್ ಇದೆಯಲ್ಲ, ಜಾಸ್ತಿ ಆದರೆ ಅದೇ ಕಟ್ ಮಾಡುತ್ತೆ” ಎನ್ನುವವರಿಗೆ ನಾನು ವಾಣಿವಿಲಾಸ ಸಾಗರ ಅಣೆಕಟ್ಟು ತೋರಿಸುತ್ತೇನೆ. ಅದಕ್ಕೆ ಕೋಡಿ ಇದೆ. ಆದರೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬೀಳಲು 2022ರವರೆಗೆ ಕಾಯಬೇಕಾಯಿತು. ಬಿಎಂಎಸ್ ಕಟ್ ಆಗುವುದೂ ಹಾಗೇ ಅಪರೂಪಕ್ಕೆ ಇರಬೇಕು. ತಪ್ಪು ಚಾರ್ಜರ್ ಹಾಕಿದರೆ ದಿನಾ ಕೋಡಿ ಬೀಳಿಸಿದ ಹಾಗೆ. ಬಿಎಂಎಸ್ ಒಳಗಿನ ಸ್ವಿಚ್ಚು ಒಂದು ದಿನ ಸುಟ್ಟು ತೆರೆಯದೆ ಅಂಟಿಕೊಂಡರೆ ತಡೆಯಲು ಮುಂದೆ ಯಾರೂ ಇಲ್ಲ.

4. ಪ್ಯಾಕನ್ನು ಮೀಟರಿನಲ್ಲಿ ಅಳೆಯಿರಿ, ಆದರೆ ಅಂಕಿಗೆ ಮೋಸ ಹೋಗಬೇಡಿ

ಮೀಟರಿನ ಕೆಂಪು ವೈರ್ ‘ವಿ’ ಎಂದು ಬರೆದಿರುವ ತೂತಿನಲ್ಲಿರಲಿ. ‘10ಎ’ ಎಂಬ ತೂತಿನಲ್ಲಿ ಬಿಟ್ಟು ಬ್ಯಾಟರಿಗೆ ಮುಟ್ಟಿಸಿದರೆ ಮೀಟರೇ ಶಾರ್ಟ್ ತಂತಿಯಾಗುತ್ತದೆ. ಮೀಟರ್ ಹಿಡಿದವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಇದು. ಗುಂಡಿಯನ್ನು ಡಿಸಿ 200 ವೋಲ್ಟಿಗೆ ತಿರುಗಿಸಿ. ಎಸಿ ಕಡೆ ಇಟ್ಟರೆ ಬರುವ ಅಂಕಿಗೆ ಅರ್ಥವಿಲ್ಲ.

ಇನ್ನೊಂದು: ಹಳದಿ ಮೀಟರಿನ ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದಿದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಗೋಡೆ ಗಡಿಯಾರದ ಹೊಸ ಸೆಲ್ ಅಳೆದು ನೋಡಿ. 1.5ರಿಂದ 1.6ರ ಒಳಗೆ ಬಂದರೆ ಮೀಟರ್ ಸರಿ. 1.9 ಬಂದರೆ ಮೊದಲು ಮೀಟರಿನ ಬ್ಯಾಟರಿ ಬದಲಿಸಿ.

ಈಗ ಪ್ಯಾಕಿನ ಎರಡು ತುದಿ ಅಳೆಯಿರಿ. 53.6 ಬಂತು ಎಂದುಕೊಳ್ಳಿ. “ಓ, 54.6ಕ್ಕೆ ಹತ್ತಿರ ಇದೆ, ಹಾಗಾದರೆ 13ಎಸ್” ಎನ್ನುತ್ತೀರಿ. ನಿಲ್ಲಿ. 13ಎಸ್ ಎನ್‌ಎಂಸಿ ಆದರೆ ಸೆಲ್ಲಿಗೆ 4.12, ಬಹುತೇಕ ತುಂಬಿದ ಬ್ಯಾಟರಿ. 14ಎಸ್ ಆದರೆ ಸೆಲ್ಲಿಗೆ 3.83, ಅರ್ಧಕ್ಕಿಂತ ಸ್ವಲ್ಪ ಮೇಲೆ. 16ಎಸ್ ಎಲ್‌ಎಫ್‌ಪಿ ಆದರೆ ಸೆಲ್ಲಿಗೆ 3.35, ಪೂರ್ತಿ ತುಂಬಿ ಸ್ವಲ್ಪ ಹೊತ್ತು ಸುಮ್ಮನಿಟ್ಟ ಬ್ಯಾಟರಿಯೂ ಇಷ್ಟೇ ತೋರಿಸುತ್ತದೆ. ಒಂದೇ ಅಂಕಿ, ಮೂರು ಬ್ಯಾಟರಿ, ಮೂರು ಬೇರೆ ಚಾರ್ಜರ್. ಎಲ್‌ಎಫ್‌ಪಿ ಚಾರ್ಜ್ ಆಗುವಾಗ 3.65 ಮುಟ್ಟಿದರೂ ಪಿನ್ ತೆಗೆದ ಮೇಲೆ ಇಳಿದು ಅಲ್ಲಿಗೆ ಬಂದು ಕೂರುತ್ತದೆ. ಅದು ಅದರ ಗುಣ, ದೋಷ ಅಲ್ಲ.

ಹಾಗಾದರೆ ಅಳೆದು ಏನು ಪ್ರಯೋಜನ? ನೀವು 1ನೇ, 2ನೇ ಹೆಜ್ಜೆಯಲ್ಲಿ ಕಂಡುಕೊಂಡದ್ದು ತಪ್ಪಾಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. 13ಎಸ್ ಎಂದು ತೀರ್ಮಾನಿಸಿದ ಪ್ಯಾಕ್ 56 ತೋರಿಸಿದರೆ ಲೆಕ್ಕ ಎಲ್ಲೋ ತಪ್ಪಿದೆ, ಏಕೆಂದರೆ 13ಎಸ್ 54.6ರ ಮೇಲೆ ಹೋಗುವಂತಿಲ್ಲ. ಓಡಿಸಿ ನೋಡಿದರೂ ಸುಳಿವು ಸಿಗುತ್ತದೆ: 16ಎಸ್ ಎಲ್‌ಎಫ್‌ಪಿ 52, 53ರ ಆಸುಪಾಸಿನಲ್ಲೇ ಬಹಳ ದೂರ ಎಳೆಯುತ್ತದೆ, ಎನ್‌ಎಂಸಿ ಮೊದಲಿಂದಲೂ ಒಂದೇ ಸಮನೆ ಇಳಿಯುತ್ತಾ ಹೋಗುತ್ತದೆ.

ಅಳೆದಾಗ ಸೆಲ್ಲಿಗೆ 2 ವೋಲ್ಟಿಗಿಂತ ಕಡಿಮೆ ಬೀಳುವಷ್ಟು ಪ್ಯಾಕ್ ಸತ್ತಿದ್ದರೆ ಯಾವ ಚಾರ್ಜರೂ ಹಾಕಬೇಡಿ. ಅಷ್ಟು ಇಳಿದು ಬಹಳ ದಿನ ಬಿದ್ದಿದ್ದ ಸೆಲ್ಲಿನೊಳಗೆ ತಾಮ್ರ ಕರಗಿರುತ್ತದೆ, ಮತ್ತೆ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಬಹುದು. ಕೆಲವು ಸಲ ಬಿಎಂಎಸ್ ಕಟ್ ಆಗಿ ಹೊರಗೆ ಸೊನ್ನೆ ತೋರಿಸುವುದೂ ಉಂಟು. ಯಾವುದು ಎಂದು ರಿಪೇರಿಯವರು ಒಳಗಿನ ಸೆಲ್ ಅಳೆದು ಹೇಳಲಿ. ಉಬ್ಬಿದ ಸೆಲ್, ಸಿಹಿ ಥಿನ್ನರ್‌ನಂಥ ವಾಸನೆ ಇದ್ದರೆ ಅದನ್ನು ಮನೆಯೊಳಗೇ ಇಡಬೇಡಿ.

5. ಆಂಪಿಯರ್

ವೋಲ್ಟೇಜ್ ಸರಿಯಾಗಿ ಕೂರಬೇಕು. ಆಂಪಿಯರಿನಲ್ಲಿ, ಅಂದರೆ ಚಾರ್ಜರ್ ಎಷ್ಟು ಕರೆಂಟ್ ತಳ್ಳುತ್ತದೆ ಎಂಬುದರಲ್ಲಿ, ಮಾತ್ರ ಆಯ್ಕೆ ಇದೆ. ಪ್ಯಾಕಿನ ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಅಂಕಿಯ ಐದನೇ ಒಂದು ಭಾಗದಿಂದ ಅರ್ಧದವರೆಗೆ ಸಾಮಾನ್ಯವಾಗಿ ನಡೆಯುತ್ತದೆ. 30 ಆಂಪಿಯರ್-ಅವರ್ ಪ್ಯಾಕಿಗೆ 6 ಆಂಪಿಯರ್ ಹಾಕಿದರೆ ಐದು ಗಂಟೆ, ಕೊನೆಯಲ್ಲಿ ನಿಧಾನವಾಗುವುದಕ್ಕೆ ಇನ್ನೊಂದು ಗಂಟೆ ಸೇರಿಸಿ.

ಮೊಬೈಲಿನ ಅಭ್ಯಾಸದಿಂದ “ದೊಡ್ಡ ಚಾರ್ಜರ್ ಹಾಕಿದರೂ ಬ್ಯಾಟರಿ ಬೇಕಾದಷ್ಟೇ ಎಳೆದುಕೊಳ್ಳುತ್ತೆ” ಎಂದು ತಿಳಿಯಬೇಡಿ. ಇಲ್ಲಿ ಹಾಗಿಲ್ಲ. 15 ಆಂಪಿಯರ್ ಚಾರ್ಜರ್ 15ನ್ನೂ ತಳ್ಳುತ್ತದೆ. ಬಿಎಂಎಸ್ ಚಾರ್ಜಿಂಗಿಗೆ ಎಷ್ಟು ತಡೆಯುತ್ತದೆ ಎಂಬ ಅಂಕಿ ಓಡಿಸುವಾಗಿನ ಅಂಕಿಗಿಂತ ಕಡಿಮೆ ಇರುತ್ತದೆ, ಅದನ್ನು ಬೇರೆಯಾಗಿ ಕೇಳಿ. ಗೊತ್ತಾಗದಿದ್ದರೆ ಸಣ್ಣ ಚಾರ್ಜರೇ ವಾಸಿ.

“ನಮ್ಮೂರಲ್ಲಿ ಸಂಜೆ ಲೋ ವೋಲ್ಟೇಜ್, ಅದಕ್ಕೆ ಒಂದು ಮೆಟ್ಟಿಲು ಹೆಚ್ಚಿನ ಚಾರ್ಜರ್ ತರಲಾ?” ಎಂದು ಚಳ್ಳಕೆರೆ ಕಡೆಯವರೊಬ್ಬರು ಕೇಳಿದರು. ಬೇಡ. ಗೋಡೆಯ ಕರೆಂಟ್ 180ಕ್ಕೆ ಇಳಿದರೂ, ಚಾರ್ಜರಿನ ಇನ್‌ಪುಟ್ ಮಿತಿಯೊಳಗೆ ಇದ್ದರೆ, ಆ ಕಡೆ ಬರುವುದು ಅದೇ 54.6.

6. ಪಿನ್ನು ನೋಡಿ, ಪ್ಲಸ್ ಮೈನಸ್ ನೋಡಿ

ಪಿನ್ನು ಹೊಂದಿತು ಎಂದರೆ ಚಾರ್ಜರ್ ಹೊಂದಿತು ಎಂದಲ್ಲ. ಪಂಪಿನ ಗುಂಡು ಪಿನ್ನಿನ ಕಥೆ ಹೇಳಿದೆ. ಸ್ಕೂಟರ್, ಆಟೋ ಪ್ಯಾಕುಗಳಲ್ಲಿ ಇದಕ್ಕಿಂತ ಭಯದ್ದು ಇನ್ನೊಂದಿದೆ: ಕಂಪ್ಯೂಟರಿನ ಹಿಂದೆ ಚುಚ್ಚುವ ಮೂರು ಕಾಲಿನ ಕಪ್ಪು ಪ್ಲಗ್ ಗೊತ್ತಲ್ಲ, ಕೆಲವು ಬ್ಯಾಟರಿಗಳ ಚಾರ್ಜಿಂಗ್ ಸಾಕೆಟ್ ತದ್ವತ್ ಅದೇ. ಅಂದರೆ ಗೋಡೆಯಿಂದ ಬಂದ 230 ವೋಲ್ಟಿನ ಕೇಬಲ್ ನೇರವಾಗಿ ಬ್ಯಾಟರಿಗೆ ಹೋಗಿ ಕೂರುತ್ತದೆ. ಮನೆಯಲ್ಲಿ ಮಕ್ಕಳೋ ವಯಸ್ಸಾದವರೋ ಸಹಾಯ ಮಾಡಲು ಹೋಗಿ ಚುಚ್ಚಿದರೆ ಮುಗಿಯಿತು. ನಿಮ್ಮದು ಅಂಥ ಸಾಕೆಟ್ ಆದರೆ ಬೇರೆ ಬಗೆಯದ್ದನ್ನು ಹಾಕಿಸಿಕೊಳ್ಳಿ, ಚಾರ್ಜರಿನ ಬೆಲೆಗೆ ಹೋಲಿಸಿದರೆ ಆ ಖರ್ಚು ಏನೇನೂ ಅಲ್ಲ.

ಈ ಮೂರು ಕಾಲಿನಲ್ಲಿ ಯಾವುದು ಪ್ಲಸ್ ಎಂಬುದೂ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಬ್ಯಾಟರಿ ಕಡೆ ಅಳೆಯಿರಿ, ಚಾರ್ಜರ್ ಕಡೆ ಅಳೆಯಿರಿ, ಚೀಟಿಯಲ್ಲಿ ಬರೆದುಕೊಳ್ಳಿ. ಮೀಟರಿನಲ್ಲಿ ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ಕೆಂಪು ವೈರ್ ಮೈನಸ್ಸಿಗೆ ಮುಟ್ಟಿದೆ ಎಂದರ್ಥ. ವೈರಿನ ಬಣ್ಣ ನಂಬಬೇಡಿ.

7. ಹೊಸ ಚಾರ್ಜರನ್ನು ಬ್ಯಾಟರಿಗೆ ಹಾಕುವ ಮೊದಲು ಅಳೆಯಿರಿ

ಅಂಗಡಿಯಲ್ಲೇ ಪ್ಲಗ್ ಹಾಕಿಸಿ ಅಳೆಯುವುದು ಉತ್ತಮ. 54.6ರ ಚಾರ್ಜರ್ 54.4ರಿಂದ 54.8ರ ಒಳಗೆ ತೋರಿಸಬೇಕು. ಒಮ್ಮೆ ನಾನೇ ತಂದ ಚಾರ್ಜರಿನ ಮೇಲೆ 12.6 ಎಂಬ ಸ್ಟಿಕರ್, ಮೀಟರಿನಲ್ಲಿ 16.7. ಡಬ್ಬಿ ಒಂದೇ ಇದ್ದದ್ದರಿಂದ ಸ್ಟಿಕರ್ ಅದಲು ಬದಲಾಗಿತ್ತು. ಅವತ್ತಿನಿಂದ ಅಳೆಯದೆ ಯಾವುದನ್ನೂ ಚುಚ್ಚಿಲ್ಲ.

ಮೀಟರ್ ಸೊನ್ನೆ ತೋರಿಸಿದರೆ ತಕ್ಷಣ ಜಗಳಕ್ಕೆ ನಿಲ್ಲಬೇಡಿ. ಕೆಲವು ಚಾರ್ಜರುಗಳು ಆ ಕಡೆ ಬ್ಯಾಟರಿ ಇದೆ ಎಂದು ಗೊತ್ತಾಗುವ ತನಕ ವೋಲ್ಟೇಜ್ ಬಿಡುವುದೇ ಇಲ್ಲ. ಅಂಥದ್ದನ್ನು ಬ್ಯಾಟರಿಗೆ ಹಾಕಿ, ಚಾರ್ಜ್ ಮುಗಿಯುವ ಹೊತ್ತಿಗೆ ಪ್ಯಾಕಿನ ತುದಿಯಲ್ಲಿ ಅಳೆಯಬೇಕು.

ಅಂಕಿ ಅರ್ಧ ವೋಲ್ಟ್ ಹೆಚ್ಚಿದ್ದರೆ ಚಾರ್ಜರ್ ಬಿಚ್ಚಿ ಒಳಗಿನ ಸ್ಕ್ರೂ ತಿರುಗಿಸಿ ಸರಿ ಮಾಡುವ ವಿಡಿಯೋಗಳು ಬೇಕಾದಷ್ಟಿವೆ. ದಯವಿಟ್ಟು ಬೇಡ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ವಾಪಸ್ ಕೊಟ್ಟು ಬೇರೆ ತನ್ನಿ. ಲ್ಯಾಪ್‌ಟಾಪ್ ಅಡಾಪ್ಟರ್, ವೈಫೈ ಡಬ್ಬಿಯ ಅಡಾಪ್ಟರುಗಳನ್ನು ಚಾರ್ಜರ್ ಎಂದು ಬಳಸುವುದೂ ಬೇಡ. ಖಾಲಿ ಬ್ಯಾಟರಿಗೆ ಕರೆಂಟನ್ನು ಅಳತೆಯಲ್ಲಿಟ್ಟು ಕೊಡುವ ಕೆಲಸ ಅವಕ್ಕೆ ಬರುವುದಿಲ್ಲ.

8. ಮೊದಲ ಚಾರ್ಜ್ ಕಣ್ಣೆದುರಿಗೇ ಆಗಲಿ

ಮೊದಲ ಸಲ ಹಗಲಲ್ಲಿ, ನೀವು ಎದ್ದಿರುವಾಗ ಹಾಕಿ. ಸಿಮೆಂಟ್ ನೆಲ ಅಥವಾ ಕಲ್ಲು ಚಪ್ಪಡಿಯ ಮೇಲಿಡಿ. ಮಂಚ, ಹತ್ತಿ ಹಾಸಿಗೆ, ಮೆಟ್ಟಿಲ ಬುಡ, ಹೊರಗೆ ಹೋಗುವ ಬಾಗಿಲ ಪಕ್ಕ ಬೇಡ. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಖಂಡಿತ ಬೇಡ. ಸೆಲ್ 45 ಡಿಗ್ರಿ ದಾಟಿರುವಾಗ ಚಾರ್ಜ್ ಮಾಡಬಾರದು, ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನಡಿ ಅದು ಲೀಲಾಜಾಲ. ಬಿಸಿಲಲ್ಲಿ ಓಡಿಸಿ ಬಂದ ಗಾಡಿಯನ್ನು ಒಂದು ಗಂಟೆ ನೆರಳಲ್ಲಿ ಬಿಟ್ಟು ಆಮೇಲೆ ಹಾಕಿ.

ಅರ್ಧ ಗಂಟೆಗೊಮ್ಮೆ ಪ್ಯಾಕ್ ಮುಟ್ಟಿ ನೋಡಿ. ಚಾರ್ಜರ್ ಬಿಸಿಯಾಗುವುದು ಸಹಜ. ಪ್ಯಾಕ್ ಬೆಚ್ಚಗಾದರೂ ಪರವಾಗಿಲ್ಲ, ಕೈ ಇಡಲಾಗದಷ್ಟಾದರೆ ಗೋಡೆಯ ಸ್ವಿಚ್ ಆರಿಸಿ. ಹೊಗೆ ಬಂದರೆ ಎತ್ತಿ ಹೊರಗೆ ಹಾಕುವ ಸಾಹಸ ಮಾಡಬೇಡಿ. ಮನೆಯವರನ್ನು ಹೊರಗೆ ಕಳಿಸಿ, 101 ಅಥವಾ 112ಕ್ಕೆ ಫೋನ್ ಮಾಡಿ.

ದೀಪ ಹಸಿರಾಗುವ ಹೊತ್ತಿಗೆ ಪ್ಯಾಕಿನ ತುದಿಯಲ್ಲಿ ಅಳೆಯಿರಿ. 13ಎಸ್ ಆದರೆ 54.4ರಿಂದ 54.6. ಒಂದು ಗಂಟೆ ಬಿಟ್ಟು ಮತ್ತೆ ಅಳೆದಾಗ 54ರ ಹತ್ತಿರ ಇದ್ದರೆ ಸರಿ. 58.4ರಲ್ಲಿ ತುಂಬಿದ ಎಲ್‌ಎಫ್‌ಪಿ 54ರ ಆಸುಪಾಸಿಗೆ ಇಳಿಯುವುದನ್ನು ಮೇಲೆಯೇ ಹೇಳಿದ್ದೇನೆ, ಹೆದರಬೇಡಿ. ದೀಪ ಬೇಗನೇ ಹಸಿರಾಗಿ ಪ್ಯಾಕ್ ಮಾತ್ರ ಮೂರು ನಾಲ್ಕು ವೋಲ್ಟ್ ಹಿಂದೆ ಉಳಿದರೆ ಯಾವುದೋ ಒಂದು ಸೆಲ್ ಮೊದಲೇ ತುಂಬಿ ಬಿಎಂಎಸ್ ಕಟ್ ಮಾಡಿದೆ ಎಂದರ್ಥ. ಸರಿಯಾದ ಚಾರ್ಜರಿನಲ್ಲಿ ಎರಡು ಮೂರು ಸಲ ಹಸಿರಾದ ಮೇಲೂ ಒಂದೆರಡು ಗಂಟೆ ಬಿಟ್ಟು ನೋಡಿ, ಸೆಲ್‌ಗಳು ಸಮಕ್ಕೆ ಬರಬಹುದು. ಬಾರದಿದ್ದರೆ ತಪ್ಪು ಚಾರ್ಜರಿನದಲ್ಲ, ಪ್ಯಾಕಿನದು.

ಎಲ್ಲ ಸರಿಹೋದ ಮೇಲೆ ಒಂದು ಸಣ್ಣ ಕೆಲಸ. ಚಾರ್ಜರಿನ ಕಪ್ಪು ಡಬ್ಬಿಯ ಮೇಲೆ ಬಿಳಿ ಪೇಂಟಿನಲ್ಲಿ ವೋಲ್ಟೇಜ್ ಬರೆಯಿರಿ, ಅದಕ್ಕೂ ಅದರ ಬ್ಯಾಟರಿಗೂ ಒಂದೇ ಬಣ್ಣದ ಟೇಪು ಸುತ್ತಿ. ನಮ್ಮ ಮನೆಯಲ್ಲಿ ಪಂಪಿನದು ಹಳದಿ, ಸ್ಕೂಟರಿನದು ಕೆಂಪು. ರಾತ್ರಿ ಕರೆಂಟ್ ಹೋಗಿ ಬಂದಾಗ ಯಾರೇ ಹಾಕಿದರೂ ಕೆಂಪಿಗೆ ಕೆಂಪೇ ಹಾಕುತ್ತಾರೆ.